ಮೂರು ನೀಲಗಿರಿ ಮರ, ಎರಡು ರೀತಿಯ ಒಣಗಿಸುವಿಕೆ: ಒಂದು ಪ್ರಕರಣ

ಗೋದಾಮಿನ ಚಾವಣಿಯ ಕಡೆಗೆ ವಾಲಿದ್ದ ಮೂರು ನೀಲಗಿರಿ ಮರಗಳನ್ನು ಕಡಿಸಬೇಕಾಗಿ ಬಂತು. ಮೂರನ್ನೂ ಒಟ್ಟಿಗೆ ನೆಟ್ಟದ್ದು, ವಯಸ್ಸು 22 ವರ್ಷ. ಎದೆಮಟ್ಟದಲ್ಲಿ ಕಾಂಡದ ಅಡ್ಡಳತೆ 42ರಿಂದ 48 ಸೆಂಟಿಮೀಟರ್. ಇಷ್ಟು ಒಳ್ಳೆಯ ಮರವನ್ನು ಸೌದೆಗೆ ಹಾಕೋದು ಬೇಡ, ಹಲಗೆ ಮಾಡಿಸಿ ಕೆಲಸದ ಮೇಜು ಮತ್ತು ಕಪಾಟು ಮಾಡೋಣ ಅಂದುಕೊಂಡೆ. ಮೊದಲ ಮರದ 14 ಹಲಗೆಗಳಲ್ಲಿ ಕೈಗೆ ಸಿಕ್ಕಿದ್ದು 4. ಉಳಿದ ಎರಡು ಮರಗಳ 31 ಹಲಗೆಗಳಲ್ಲಿ 24 ಪೂರ್ತಿ ಚೆನ್ನಾಗಿ ಬಂದವು. ಮರ ಅದೇ, ಜಾಗ ಅದೇ, ಗರಗಸವೂ ಅದೇ. ನಡುವೆ ಏನೇನು ಬದಲಾಯಿತು ಅನ್ನೋದನ್ನು ಇಲ್ಲಿ ಪೂರ್ತಿ ಬರೆದಿದ್ದೇನೆ.

ಜಾತಿಯ ವಿಷಯ ಮೊದಲು ಹೇಳಿಬಿಡುತ್ತೇನೆ. ನೀಲಗಿರಿ ಅಂತ ನಾವು ಒಂದೇ ಹೆಸರಲ್ಲಿ ಕರೆದರೂ ಆ ಕುಲದಲ್ಲಿ 700ರ ಆಸುಪಾಸು ಜಾತಿಗಳಿವೆ. ಹೆಚ್ಚುಕಡಿಮೆ ಎಲ್ಲದರ ತವರೂ ಆಸ್ಟ್ರೇಲಿಯ. ಗ್ರ್ಯಾಂಡಿಸ್ ಅನ್ನೋದು ಸ್ವಲ್ಪ ಹಗುರ, ಮಾತು ಕೇಳುವ ಮರ. ಗ್ಲೋಬ್ಯುಲಸ್ ಒಣಗುವಾಗ ಒಳಗೊಳಗೇ ಕುಸಿಯುತ್ತದೆ. ನನ್ನದು ಟೆರೆಟಿಕಾರ್ನಿಸ್. ನುಣುಪಾದ ತೊಗಟೆ ತೇಪೆ ತೇಪೆಯಾಗಿ ಉದುರುತ್ತದೆ, ಒಳಗೆ ಕೆಂಪು ಚೇಗು (ಕಾಂಡದ ಒಳಭಾಗದ ಗಟ್ಟಿ ಮರ), ತೂಕ ಜಾಸ್ತಿ, ನಾರು ಒಂದರೊಳಗೊಂದು ಹೆಣೆದುಕೊಂಡಿರುತ್ತದೆ. ಬೇರೆ ಜಾತಿಯ ನೀಲಗಿರಿ ಇರುವವರಿಗೆ ನನ್ನ ಲೆಕ್ಕದ ದಿನಗಳು ಹೊಂದದಿರಬಹುದು. ಕ್ರಮ ಮಾತ್ರ ಹೊಂದುತ್ತದೆ.

ಮೊದಲ ಮರ

ಚಾವಣಿಗೆ ತೀರಾ ಹತ್ತಿರ ಇದ್ದ ಮರವನ್ನು ಬಿಸಿಲುಗಾಲದಲ್ಲಿ ಕಡಿಸಿದೆ. 3 ಮೀಟರಿನ ಎರಡು ದಿಮ್ಮಿ ಬಂದವು. ಗರಗಸದ ಮಿಲ್ಲಿನಲ್ಲಿ ಸರದಿ ಸಿಗಲು 9 ದಿನ ಬೇಕಾಯಿತು. ಅಷ್ಟೂ ದಿನ ದಿಮ್ಮಿಗಳು ಬಯಲಲ್ಲಿ ಬಿದ್ದಿದ್ದವು.

ಬಿರುಕು ಅಷ್ಟು ದಿನ ಕಾಯಲಿಲ್ಲ. ಕಡಿದು ತುಂಡು ಮಾಡಿದ ಸಂಜೆಯೇ ತುದಿಯಲ್ಲಿ ನಡುಮಧ್ಯದಿಂದ ಹೊರಕ್ಕೆ ನಕ್ಷತ್ರದ ಹಾಗೆ ಮೂರು ಸೀಳು ಬಿಟ್ಟಿದ್ದವು. ಮಿಲ್ಲಿಗೆ ಹೋಗುವ ಹೊತ್ತಿಗೆ ಅವು 40 ಸೆಂಟಿಮೀಟರಿನಷ್ಟು ಒಳಗೆ ಹೋಗಿದ್ದವು. ಎರಡೂ ತುದಿ ಸೇರಿದರೆ 3 ಮೀಟರಿನಲ್ಲಿ 80 ಸೆಂಟಿಮೀಟರ್ ಅಲ್ಲೇ ಹೋಯಿತು.

ಮಿಲ್ಲಿನ ಹಿರಿಯ ಕೆಲಸಗಾರರು ನೋಡಿದ ಕೂಡಲೇ ಹೇಳಿದರು: "ಕಡಿದ ದಿನವೇ ತುದಿಗೆ ಬಣ್ಣ ಬಳಿಯಬೇಕಿತ್ತು ಕಣ್ರೀ. ಇದು ತೇಗ ಅಲ್ಲ, ಕಾಯೋ ಮರ ಅಲ್ಲ."

ಈ ಸೀಳಿಗೆ ಬರೀ ಒಣಗುವುದು ಕಾರಣ ಅಲ್ಲ. ನೀಲಗಿರಿ ವೇಗವಾಗಿ ಬೆಳೆಯುವಾಗ ಕಾಂಡದ ಹೊರಭಾಗ ಉದ್ದಕ್ಕೂ ಎಳೆತದಲ್ಲಿ ಇರುತ್ತದೆ, ನಡುಭಾಗ ಒತ್ತಡದಲ್ಲಿ ಇರುತ್ತದೆ. ನಿಂತ ಮರದಲ್ಲಿ ಎರಡೂ ಒಂದನ್ನೊಂದು ಹಿಡಿದುಕೊಂಡಿರುತ್ತವೆ. ಅಡ್ಡ ಕಡಿದ ಕೂಡಲೇ ಆ ಹಿಡಿತ ಬಿಡುತ್ತದೆ. ಹೊರಗಿನದು ಕುಗ್ಗಲು ನೋಡುತ್ತದೆ, ಒಳಗಿನದು ಚಾಚಲು ನೋಡುತ್ತದೆ, ತುದಿ ಬಾಯಿ ಬಿಡುತ್ತದೆ. ಆಮೇಲೆ ಬಿಸಿಲು ಬಿದ್ದರೆ ಅದೇ ಸೀಳು ಇನ್ನೂ ಒಳಕ್ಕೆ ಓಡುತ್ತದೆ.

ಕೊಯ್ಯುವಾಗಲೂ ಅದೇ ಬಲ ಕಾಣಿಸಿಕೊಂಡಿತು. ದಿಮ್ಮಿಯನ್ನು ಒಂದೇ ಕಡೆಯಿಂದ ಸಾಲಾಗಿ ಸೀಳಿಸಿಕೊಂಡು ಹೋದೆವು. ಮೂರನೇ ಹಲಗೆ ಬರುವಷ್ಟರಲ್ಲಿ ದಿಮ್ಮಿಯೇ ಬಿಲ್ಲಿನ ಹಾಗೆ ಬಾಗಿತ್ತು. ಹಾಗಾಗಿ ಹಲಗೆಗಳ ದಪ್ಪ ಉದ್ದಕ್ಕೂ ಒಂದೇ ಸಮ ಬರಲಿಲ್ಲ, ಒಂದು ಕಡೆ 30 ಮಿಲಿಮೀಟರ್ ಇದ್ದರೆ ಇನ್ನೊಂದು ಕಡೆ 25 ಇತ್ತು.

ಹಲಗೆಗಳನ್ನು ತಂದು ಗೋಡೆಯ ಪಕ್ಕ, ಗಾಳಿ ಚೆನ್ನಾಗಿ ಆಡುವ, ಮಧ್ಯಾಹ್ನದವರೆಗೆ ಬಿಸಿಲು ಬೀಳುವ ಕಡೆ ಒಟ್ಟಿದೆ. ಬೇಗ ಒಣಗಲಿ ಅನ್ನೋದು ನನ್ನ ಆಸೆ. ಮೂರು ವಾರದಲ್ಲಿ ಮೇಲ್ಮೈ ತುಂಬ ಕೂದಲೆಳೆಯ ಬಿರುಕು. ಎರಡು ತಿಂಗಳಲ್ಲಿ ಅಗಲದ ಹಲಗೆಗಳು ದೋಣಿಯ ಹಾಗೆ ಬಾಗಿದವು, ನಾಲ್ಕು ತಿರುಚಿಕೊಂಡವು. ಐದನೇ ತಿಂಗಳಲ್ಲಿ ಕೆಳಗಿನ ಸಾಲಿನ ಅಡಿಯಲ್ಲಿ ಹಿಟ್ಟಿನಂಥ ಪುಡಿ ಬಿದ್ದಿತ್ತು. ಹಲಗೆಯ ಅಂಚಿನ ಬಿಳಿ ಭಾಗದಲ್ಲಿ ಗುಂಡುಸೂಜಿ ಚುಚ್ಚಿದಂಥ ತೂತುಗಳು. ಮರ ಕೊರೆಯುವ ಪುಡಿಹುಳು. ಚೇಗನ್ನು ಅದು ಮುಟ್ಟಿರಲಿಲ್ಲ. ಪಿಷ್ಟ ಇರುವುದು ಬಿಳಿ ಭಾಗದಲ್ಲಿ, ಅದಕ್ಕೆ ಬೇಕಾದದ್ದು ಅದೇ.

ಆ ಹಲಗೆಗಳನ್ನು ನೋಡಿ ತುಂಬಾ ಬೇಜಾರಾಯಿತು. ಮರ ಕಡಿಯೋದೇ ದೊಡ್ಡ ವಿಷಯ. ಕಡಿದ ಮೇಲೆ ಅದನ್ನು ಹಾಳುಮಾಡೋದು ಇನ್ನೂ ದೊಡ್ಡದು.

ಎಡವಿದ್ದು ಎಲ್ಲಿ

ಉಳಿದೆರಡು ಮರ ಕಡಿಸುವ ಮೊದಲು ಹಾಳಾದ ಹಲಗೆಗಳನ್ನೇ ಅಡ್ಡ ಕೊಯ್ದು ನೋಡಿದೆ. ಮೇಲ್ಮೈಯ ಬಿರುಕುಗಳ ಆಳ 4ರಿಂದ 8 ಮಿಲಿಮೀಟರ್. ಎರಡು ಹಲಗೆಗಳ ಹೊಟ್ಟೆಯೊಳಗೆ, ಹೊರಗಿನಿಂದ ಸುಳಿವೇ ಸಿಗದ ಹಾಗೆ, ಕಣ್ಣಿನಾಕಾರದ ಬಿರುಕುಗಳು ಇದ್ದವು. ಒಂದು ಹಲಗೆಯ ತುದಿಯಿಂದ ಅರ್ಧ ಮೀಟರ್ ಒಳಗೆ ಅಡ್ಡ ತುಂಡು ತೆಗೆದು, ಅದರ ನಡುವನ್ನು ಕೊಯ್ದು ತೆಗೆದು ಎರಡು ಕಡ್ಡಿ ಉಳಿಯುವಂತೆ ಮಾಡಿದೆ, ಕವಣೆಕೋಲಿನ ಆಕಾರದಲ್ಲಿ. ಎರಡೂ ಕಡ್ಡಿ ಒಳಕ್ಕೆ ಬಾಗಿ ಒಂದಕ್ಕೊಂದು ತಾಗಿದವು. ಹೊರಪದರ ಬೇಗ ಒಣಗಿ, ಹಿಗ್ಗಿದ ಸ್ಥಿತಿಯಲ್ಲೇ ಗಟ್ಟಿಯಾಗಿ ನಿಂತುಬಿಟ್ಟಿದೆ, ಒಳಗೆ ಇನ್ನೂ ಸೆಳೆತ ಉಳಿದಿದೆ ಅನ್ನೋದರ ಗುರುತು ಅದು.

ಇಲ್ಲಿ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಹಸಿ ಮರದಲ್ಲಿ ನೀರು ಎರಡು ಕಡೆ ಇರುತ್ತದೆ. ಕೋಶದ ಪೊಳ್ಳಿನಲ್ಲಿ ಒಂದಷ್ಟು, ಕೋಶದ ಗೋಡೆಯಲ್ಲಿ ಒಂದಷ್ಟು. ಪೊಳ್ಳಿನ ನೀರು ಹೋಗುವ ತನಕ ಮರ ಸಾಮಾನ್ಯವಾಗಿ ಕುಗ್ಗಲ್ಲ. ತೇವ 25–30 ಶೇಕಡಾಕ್ಕೆ ಇಳಿದ ಮೇಲೆ ಗೋಡೆಯ ನೀರು ಹೋಗಲು ಶುರುವಾಗುತ್ತದೆ. ನಿಜವಾದ ಕುಗ್ಗುವಿಕೆ ಆಗ.

ನೀಲಗಿರಿಯ ಚೇಗಿನಲ್ಲಿ ನೀರು ಓಡುವ ನಾಳಗಳು ಮುಚ್ಚಿಕೊಂಡಿರುತ್ತವೆ. ಒಳಗಿನ ನೀರು ಹೊರಗೆ ಬರಲು ತುಂಬಾ ನಿಧಾನ. ಹೊರಗೆ ಬಿಸಿಲು, ಗಾಳಿ ಜೋರಾಗಿದ್ದರೆ ಮೇಲಿನ ಒಂದೆರಡು ಮಿಲಿಮೀಟರ್ ಮಾತ್ರ ಒಣಗಿ ಕುಗ್ಗಲು ಹೋಗುತ್ತದೆ. ಒಳಗಿನ ಹಸಿ ಭಾಗ ಬಿಡಲ್ಲ. ಮೇಲ್ಮೈ ಹರಿಯುತ್ತದೆ. ನಾನು ಬಿಸಿಲಿಗೆ ಇಟ್ಟು ಮಾಡಿದ್ದು ಇದನ್ನೇ.

ಹಾಗಾಗಿ ಎರಡನೇ ಸಲ ಗುರಿ ಬದಲಾಯಿತು. ಹಲಗೆಯನ್ನು ಬೇಗ ಒಣಗಿಸೋದಲ್ಲ, ಮೊದಲ ಎರಡು ತಿಂಗಳು ಬೇಗ ಒಣಗದಂತೆ ತಡೆಯೋದು.

ಎರಡನೇ ಮತ್ತು ಮೂರನೇ ಮರ

ಈ ಸಲ ಮಿಲ್ಲಿನ ಸರದಿ ಗಟ್ಟಿ ಮಾಡಿಕೊಂಡ ಮೇಲೆಯೇ ಮರ ಕಡಿಸಿದ್ದು. ಹವೆ ತಂಪಾಗಿತ್ತು. ಫಲಿತಾಂಶದಲ್ಲಿ ಅದರ ಪಾಲೂ ಇದೆ, ಎಲ್ಲ ನನ್ನ ಕೆಲಸದಿಂದಲೇ ಆಯಿತು ಅನ್ನೋ ಹಾಗಿಲ್ಲ.

ಅಡ್ಡ ತುಂಡು ಮಾಡುವ ಮೊದಲು, ಕಡಿಯುವ ಜಾಗದಿಂದ ಸುಮಾರು 20 ಸೆಂಟಿಮೀಟರ್ ಒಳಗೆ, ಕಾಂಡದ ಸುತ್ತ ಗರಗಸದಿಂದ ಬಳೆಯಂತೆ ಕಚ್ಚು ಹಾಕಿದೆವು. ಹೊರಪದರದ ಎಳೆತ ಆ ಕಚ್ಚಿನ ಹತ್ತಿರ ಸಡಿಲವಾಗುತ್ತದೆ, ತುದಿಗೆ ಬೀಳುವ ಬಲ ಕಡಿಮೆಯಾಗುತ್ತದೆ. ಉದ್ದ 2.4 ಮೀಟರ್ ಸಾಕು ಅಂತ ಮೊದಲೇ ತೀರ್ಮಾನಿಸಿದ್ದೆ. ಐದು ದಿಮ್ಮಿ ಬಂದವು. ಒಂದೊಂದು ತುಂಡಾಗುತ್ತಿದ್ದ ಹಾಗೇ ಎರಡೂ ತುದಿಗೆ ದಪ್ಪ ಬಣ್ಣ ಎರಡು ಕೋಟ್ ಬಳಿದೆ. ಮೇಣದ ಲೇಪ ಇದ್ದರೆ ಇನ್ನೂ ಒಳ್ಳೆಯದು. ಮರದ ನೀರು ಅಗಲದ ಮುಖಕ್ಕಿಂತ ತುದಿಯಿಂದ ಎಷ್ಟೋ ಪಟ್ಟು ಬೇಗ ಹೋಗುತ್ತದೆ, ಅದನ್ನು ಮುಚ್ಚಲೇಬೇಕು. ಆಮೇಲೆ ದಿಮ್ಮಿಗಳನ್ನು ನೆರಳಿಗೆ ಎಳೆದು ಒದ್ದೆ ಗೋಣಿತಾಟು ಹೊದಿಸಿದೆ. ಎರಡನೇ ದಿನ ಎಲ್ಲವೂ ಗರಗಸದ ಮುಂದೆ ಇದ್ದವು. ಸೀಳು ಇತ್ತು, ಆದರೆ ಅತಿ ಉದ್ದದ್ದು 11 ಸೆಂಟಿಮೀಟರ್.

ಕೊಯ್ಯುವ ರೀತಿಯನ್ನೂ ಬದಲಿಸಿದೆವು. ಒಂದು ಕಡೆಯಿಂದ ಎರಡು ಹಲಗೆ ತೆಗೆದ ಮೇಲೆ ದಿಮ್ಮಿಯನ್ನು ತಿರುಗಿಸಿ ಎದುರು ಕಡೆಯಿಂದ ಎರಡು. ಹೀಗೆ ಎರಡೂ ಕಡೆಯ ಎಳೆತ ಸಮನಾಗಿ ಕಳಚುತ್ತಾ ಬಂತು, ದಿಮ್ಮಿ ಬಾಗಲಿಲ್ಲ. ನಡುವಿನ ತಿರುಳು ಇರುವ 10 ಸೆಂಟಿಮೀಟರಿನ ಚೌಕವನ್ನು ಹಲಗೆಗೆ ಸೇರಿಸಲೇ ಇಲ್ಲ. ತಿರುಳು ಒಳಗಿದ್ದರೆ ಆ ಹಲಗೆ ಸೀಳೋದು ಖಂಡಿತ. ಆ ಚೌಕಗಳು ಕಂಬಕ್ಕೆ ಹೋದವು.

ಸಿದ್ಧ ಹಲಗೆ 25 ಮಿಲಿಮೀಟರ್ ಬೇಕಿದ್ದರಿಂದ 32 ಮಿಲಿಮೀಟರಿಗೆ ಕೊಯ್ಸಿದೆ. ಮಿಲ್ಲಿನವರಿಗೆ ಅದು ದಂಡ ಅನ್ನಿಸಿತು. ಕುಗ್ಗೋದು, ಬಾಗಿದ್ದನ್ನು ಕೀಸಿ ತೆಗೆಯೋದು ಎರಡೂ ಸೇರಿ ಆ 7 ಮಿಲಿಮೀಟರ್ ಪೂರ್ತಿ ಬಳಕೆಯಾಯಿತು.

ಹುಳುವಿಗೆ ಬೊರಾಕ್ಸ್ ಒಂದೂವರೆ ಪಾಲು, ಬೋರಿಕ್ ಆಸಿಡ್ ಒಂದು ಪಾಲು ಬಿಸಿನೀರಿನಲ್ಲಿ ಕರಗಿಸಿ, ಹಸಿ ಹಲಗೆಗಳನ್ನು ಅದರಲ್ಲಿ ಅದ್ದಿ ತೆಗೆದೆ. ಕೈಗವಸು ಹಾಕಿಕೊಂಡೇ ಮಾಡಿ. ಆಮೇಲೆ ಮೂರು ವಾರ ಪ್ಲಾಸ್ಟಿಕ್ ಹೊದಿಸಿ ಒತ್ತೊತ್ತಾಗಿ ಇಟ್ಟೆ. ಹಸಿ ಮರದ ನೀರಿನ ಮೂಲಕ ಆ ದ್ರಾವಣದ ಬೋರಾನ್ ಬಿಳಿ ಭಾಗದೊಳಕ್ಕೆ ಇಳಿಯಲು ಆ ಸಮಯ ಬೇಕು. ಚೇಗಿಗೆ ಅದು ಅಷ್ಟಾಗಿ ಇಳಿಯಲ್ಲ, ಅಲ್ಲಿ ಅದರ ಅಗತ್ಯವೂ ಕಡಿಮೆ. ಮಳೆಗೆ ಸಿಕ್ಕರೆ ತೊಳೆದು ಹೋಗುತ್ತದೆ, ಹಾಗಾಗಿ ಒಳಾಂಗಣದ ಸಾಮಾನಿಗೆ ಮಾತ್ರ ಇದು ಸರಿ.

ಒಟ್ಟಿದ ಬಗೆ

ಗೋದಾಮಿನ ಒಳಗೆ, ಬಿಸಿಲು ತಾಗದ ಮೂಲೆಯಲ್ಲಿ ನೆಲದಿಂದ 45 ಸೆಂಟಿಮೀಟರ್ ಎತ್ತರಕ್ಕೆ ಸಿಮೆಂಟ್ ಇಟ್ಟಿಗೆ ಜೋಡಿಸಿ, ಮೇಲೆ ತೊಲೆ ಇಟ್ಟು ಮಟ್ಟಗೋಲಿನಿಂದ ಸಮ ಮಾಡಿದೆ. ಅಡಿಪಾಯ ಸೊಟ್ಟ ಇದ್ದರೆ ಎಲ್ಲ ಹಲಗೆಗಳೂ ಅದೇ ಸೊಟ್ಟವನ್ನು ಕಲಿಯುತ್ತವೆ. ಈ ಕೆಲಸಕ್ಕೆ ಅರ್ಧ ದಿನ ಹೋದರೂ ಚಿಂತೆಯಿಲ್ಲ.

ಹಲಗೆಗಳ ನಡುವೆ 20 ಮಿಲಿಮೀಟರ್ ದಪ್ಪದ ಒಣ ರೀಪರ್ ಪಟ್ಟಿ, 40 ಸೆಂಟಿಮೀಟರಿಗೆ ಒಂದರಂತೆ. ಮೇಲಿನ ಸಾಲಿನ ಪಟ್ಟಿ ಕೆಳಗಿನದರ ನೇರಕ್ಕೇ ಬರಬೇಕು. ತೀರಾ ತುದಿಯಲ್ಲೂ ಒಂದೊಂದು ಪಟ್ಟಿ. ಎಲ್ಲಕ್ಕಿಂತ ಮೇಲೆ ಮೊದಲ ಮರದ ಹಾಳಾದ ಹಲಗೆಗಳನ್ನು ಹಾಸಿ, ಅದರ ಮೇಲೆ ಕಾಂಕ್ರೀಟ್ ಬ್ಲಾಕುಗಳ ಭಾರ ಹೇರಿದೆ. ಮೇಲಿನ ಸಾಲಿಗೆ ಹಿಡಿತ ಕಡಿಮೆ, ಬಾಗುವುದಾದರೆ ಮೊದಲು ಅದೇ ಬಾಗುತ್ತದೆ. ಆ ಪಾಳಿ ಹಳೆ ಹಲಗೆಗಳದ್ದಾಗಲಿ ಅಂತ.

ಒಟ್ಟಿಲಿನ ಸುತ್ತ ಮೊದಲ ಆರು ವಾರ ಗೋಣಿತಾಟು ಇಳಿಬಿಟ್ಟೆ. ಮೊದಲ ಸಲ ಗಾಳಿಗೆ ಬಿಟ್ಟಿದ್ದೆ, ಈ ಸಲ ಗಾಳಿಗೆ ಪರದೆ. ಬೂಷ್ಟು ಬಂದರೆ? ಬಂತು, ಎರಡನೇ ವಾರದಲ್ಲಿ ಕೆಲವು ಹಲಗೆಗಳ ಮೇಲೆ ಬೂದುಬಣ್ಣದ ಪದರ. ತಾಟನ್ನು ಎರಡು ಬದಿಯಲ್ಲಿ ಒಂದು ಅಡಿ ಎತ್ತಿ ಕಟ್ಟಿದೆ, ನಿಂತಿತು. ಮೇಲ್ಮೈಯ ಬೂಷ್ಟು ಕೀಸುಳಿ ಆಡಿಸಿದರೆ ಹೋಗುತ್ತದೆ. ಬಿರುಕು ಹಾಗೆ ಹೋಗಲ್ಲ.

ತೂಕದ ಪುಸ್ತಕ

ಈ ಸಲ ನನಗೆ ತುಂಬಾ ಸಹಾಯ ಮಾಡಿದ್ದು ಒಂದು ತಕ್ಕಡಿ. ಮುಳ್ಳು ಚುಚ್ಚಿ ನೋಡುವ ಮಾಯಿಶ್ಚರ್ ಮೀಟರ್ 30 ಶೇಕಡಾಕ್ಕಿಂತ ಮೇಲೆ ನಂಬಿಕೆಗೆ ಬರಲ್ಲ. ನೀಲಗಿರಿಯ ಗಂಡಾಂತರ ಇರೋದು ಅದಕ್ಕಿಂತ ಮೇಲೇ. ಹಾಗಾಗಿ ತೂಗಿಯೇ ತಿಳಿಯಬೇಕು.

ಒಂದು ಹಲಗೆಯ ತುದಿಯಿಂದ 50 ಸೆಂಟಿಮೀಟರ್ ಬಿಟ್ಟು ಒಳಗಿನಿಂದ 60 ಸೆಂಟಿಮೀಟರಿನ ಮಾದರಿ ತುಂಡು ಕೊಯ್ದೆ. ಅದರ ಪಕ್ಕದಿಂದಲೇ 25 ಮಿಲಿಮೀಟರಿನ ಒಂದು ಬಿಲ್ಲೆ. ಬಿಲ್ಲೆಯ ಹಸಿ ತೂಕ 140 ಗ್ರಾಂ. ಅದನ್ನು ಓವನ್‌ನಲ್ಲಿ 103 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಇಟ್ಟೆ. ಕೊನೆಗೆ 80 ಗ್ರಾಂ. ಹೋದ ನೀರು 60 ಗ್ರಾಂ. ಮರದ ತೇವವನ್ನು ಒಣ ತೂಕಕ್ಕೆ ಹೋಲಿಸಿ ಲೆಕ್ಕ ಹಾಕುತ್ತಾರೆ. 60ನ್ನು 80ರಿಂದ ಭಾಗಿಸಿದರೆ 75 ಶೇಕಡಾ.

ಮಾದರಿ ತುಂಡಿನ ಹಸಿ ತೂಕ 3.36 ಕಿಲೋ. 75 ಶೇಕಡಾ ತೇವ ಅಂದರೆ ಅದರ ಪೂರ್ತಿ ಒಣ ತೂಕ 1.92 ಕಿಲೋ ಆಗಬೇಕು. ಆ ತುಂಡಿನ ಎರಡೂ ತುದಿಗೆ ಬಣ್ಣ ಬಳಿದು ಒಟ್ಟಿಲಿನ ನಡುವೆ, ಎಳೆದು ತೆಗೆಯಲು ಬರುವ ಹಾಗೆ ಇಟ್ಟೆ. ಆಮೇಲೆ ವಾರಕ್ಕೊಮ್ಮೆ ತೂಗಿ ಬರೆದುಕೊಂಡೆ. ಆರನೇ ವಾರ 2.78 ಕಿಲೋ, ಅಂದರೆ 45 ಶೇಕಡಾ. ಹನ್ನೆರಡನೇ ವಾರ 2.50, ಅಂದರೆ 30. ಐದನೇ ತಿಂಗಳ ಕೊನೆಗೆ 2.30, ಅಂದರೆ 20. ಎಂಟನೇ ತಿಂಗಳಿಗೆ 2.19, ಅಂದರೆ 14.

ಈ ಅಂಕಿಗಳೇ ನನಗೆ ಯಾವಾಗ ಏನು ಮಾಡಬೇಕು ಅಂತ ಹೇಳಿದವು. 45ಕ್ಕೆ ಇಳಿದ ಮೇಲೆ ಒಂದು ಬದಿಯ ತಾಟು ತೆಗೆದೆ. 30ಕ್ಕೆ ಬಂದಾಗ ಎಲ್ಲ ತಾಟನ್ನೂ ತೆಗೆದು ಗಾಳಿ ಆಡಲು ಬಿಟ್ಟೆ. 20ರಿಂದ ಕೆಳಗೆ ಮರ ಬಿಸಿಯನ್ನೂ ಗಾಳಿಯನ್ನೂ ಚೆನ್ನಾಗಿಯೇ ತಡೆದುಕೊಳ್ಳುತ್ತದೆ. ಕಿಲ್ನ್ (ಮರ ಒಣಗಿಸುವ ಬಿಸಿ ಕೋಣೆ) ಇರುವವರು ಈ ಹಂತದಿಂದ ಕಿಲ್ನ್‌ಗೆ ಹಾಕಿ ತಿಂಗಳುಗಟ್ಟಲೆ ಸಮಯ ಉಳಿಸಬಹುದು. ಹಸಿ ನೀಲಗಿರಿಯನ್ನು ನೇರವಾಗಿ ಬಿಸಿ ಕಿಲ್ನ್‌ಗೆ ತಳ್ಳೋದು ಮಾತ್ರ ಬೇಡವೇ ಬೇಡ.

ಕುಸಿದ ಮೂರು ಹಲಗೆ

31ರಲ್ಲಿ 24 ಚೆನ್ನಾಗಿ ಬಂದವು, 4 ತುದಿ ಕತ್ತರಿಸಿದರೆ ಸರಿಹೋದವು. ಉಳಿದ 3ರ ಮೇಲ್ಮೈ ಬಟ್ಟೆ ಉಜ್ಜುವ ಹಲಗೆಯ ಹಾಗೆ ಅಲೆಅಲೆಯಾಗಿತ್ತು. ತಗ್ಗಿನ ಆಳ 3 ಮಿಲಿಮೀಟರಿನವರೆಗೆ. ಇದು ಸಾಮಾನ್ಯ ಕುಗ್ಗುವಿಕೆ ಅಲ್ಲ. ನೀರು ತುಂಬಿದ ಕೋಶದಿಂದ ನೀರು ಹೊರಗೆ ಹೋಗುವಾಗ ಗಾಳಿ ಒಳಗೆ ಬರಲು ದಾರಿ ಇರಲ್ಲ. ಆಗ ನೀರೇ ಕೋಶದ ಗೋಡೆಯನ್ನು ಒಳಕ್ಕೆ ಎಳೆದು ಚಪ್ಪಟೆ ಮಾಡುತ್ತದೆ. ಜ್ಯೂಸ್ ಖಾಲಿಯಾದ ಮೇಲೂ ಸ್ಟ್ರಾದಿಂದ ಎಳೆದರೆ ಪೊಟ್ಟಣ ಹೇಗೆ ಸೊಟ್ಟಗಾಗುತ್ತದೋ ಹಾಗೆ.

ಇದಕ್ಕೆ ಆಸ್ಟ್ರೇಲಿಯದ ಮಿಲ್ಲುಗಳಲ್ಲಿ ಬಹಳ ಕಾಲದಿಂದ ಒಂದು ಉಪಾಯ ಬಳಕೆಯಲ್ಲಿದೆ. ತೇವ 15–20 ಶೇಕಡಾ ಇರುವಾಗ ಹಲಗೆಗಳನ್ನು 100 ಡಿಗ್ರಿಯ ಹತ್ತಿರದ ಹಬೆಯಲ್ಲಿ ಕೆಲವು ಗಂಟೆ ಇಡುತ್ತಾರೆ. ಗೋಡೆಗಳು ಮೆತ್ತಗಾಗಿ ಮತ್ತೆ ತಮ್ಮ ಆಕಾರಕ್ಕೆ ಬರುತ್ತವೆ. ನಾನು ಪ್ಲೈವುಡ್ ಪೆಟ್ಟಿಗೆ ಮಾಡಿ, ಹಬೆ ಹೊರಹೋಗಲು ತೂತು ಬಿಟ್ಟು, ನೀರು ಕುದಿಸುವ ಪಾತ್ರೆಯಿಂದ ಕೊಳವೆಯಲ್ಲಿ ಹಬೆ ಕೊಟ್ಟೆ. ಪೆಟ್ಟಿಗೆಯನ್ನು ಎಂದಿಗೂ ಬಿಗಿಯಾಗಿ ಮುಚ್ಚಬಾರದು. 18 ಶೇಕಡಾದಲ್ಲಿ ಐದು ಗಂಟೆ. ತೆಗೆದು ಮತ್ತೆ ಪಟ್ಟಿ ಇಟ್ಟು, ಭಾರ ಹೇರಿ ಒಣಗಿಸಿದ ಮೇಲೆ ನೋಡಿದರೆ 3 ಮಿಲಿಮೀಟರಿನ ತಗ್ಗು 1ಕ್ಕಿಂತ ಕಡಿಮೆಯಾಗಿತ್ತು! ಒಂದು ಹಲಗೆಯೊಳಗೆ ಬಿರುಕು ಇತ್ತು. ಅದರ ಬಾಯಿ ಮುಚ್ಚಿತು, ಆದರೆ ಬೆಸೆಯಲಿಲ್ಲ. ಅದನ್ನು ಮೇಜಿಗೆ ಹಾಕಲಿಲ್ಲ.

ಸೌದೆ, ಕಂಬ, ಹಿಡಿ

ಹಲಗೆಗೆ ಬಾರದ ಭಾಗವೂ ಕಡಿಮೆಯೇನಲ್ಲ. ಕೊಂಬೆ ಮತ್ತು ಅಂಚಿನ ತುಂಡುಗಳನ್ನು 30 ಸೆಂಟಿಮೀಟರಿಗೆ ಕತ್ತರಿಸಿ ಅದೇ ವಾರ ಕೊಡಲಿಯಿಂದ ಸೀಳಿಸಿದೆ. ಹಸಿ ಇದ್ದಾಗ ಸೀಳಿದರೆ ಸೀಳುತ್ತದೆ, ಒಣಗಿದ ಮೇಲೆ ಹೆಣೆದ ನಾರು ಕೊಡಲಿಯನ್ನೇ ಹಿಡಿದುಕೊಳ್ಳುತ್ತದೆ. ಸೌದೆಗೆ ಎಲ್ಲವೂ ತಿರುವುಮುರುವು. ಇಲ್ಲಿ ಬಿಸಿಲು ಬೇಕು, ಗಾಳಿ ಬೇಕು, ಬಿರುಕು ಬಿಟ್ಟಷ್ಟೂ ಒಳ್ಳೆಯದು. ಐದು ತಿಂಗಳಲ್ಲಿ ತೇವ 20 ಶೇಕಡಾಕ್ಕಿಂತ ಕೆಳಗೆ ಬಂತು. ಎರಡು ತುಂಡು ಬಡಿದರೆ ಟಣ್ ಅನ್ನುವ ಸದ್ದು ಬರುತ್ತದೆ. ಒಣಗಿದ ಎಲೆ ಮತ್ತು ತೊಗಟೆಯನ್ನು ಒಟ್ಟಿಲಿನ ಹತ್ತಿರ ಬಿಡಬೇಡಿ. ಅದರಲ್ಲಿ ಎಣ್ಣೆ ಇದೆ, ಬೆಂಕಿ ತಗುಲಿದರೆ ಭಗ್ಗನೆ ಹತ್ತುತ್ತದೆ.

ದುಂಡು ಕಂಬಗಳ ತೊಗಟೆಯನ್ನು ಕಡಿದ ದಿನವೇ ಸುಲಿದೆವು. ಮೊದಲ ದಿನ ಪಟ್ಟಿ ಪಟ್ಟಿಯಾಗಿ ಕೈಗೆ ಬರುತ್ತದೆ, ವಾರ ಬಿಟ್ಟರೆ ಕೆತ್ತಬೇಕಾಗುತ್ತದೆ. ದುಂಡು ಕಂಬ ಬಿರುಕು ಬಿಡದೆ ಒಣಗಲ್ಲ. ಸುತ್ತಳತೆಯ ದಿಕ್ಕಿನಲ್ಲಿ ಮರ ಕುಗ್ಗುವುದು, ನಡುವಿನಿಂದ ಹೊರಕ್ಕೆ ಇರುವ ದಿಕ್ಕಿಗಿಂತ ಸುಮಾರು ಎರಡು ಪಟ್ಟು. ಆ ವ್ಯತ್ಯಾಸ ಎಲ್ಲಾದರೂ ಬಾಯಿ ತೆರೆಯಲೇಬೇಕು. ಅದಕ್ಕೆ ಕಂಬದ ಒಂದು ಬದಿಯಲ್ಲಿ ತಿರುಳಿನವರೆಗೆ ಉದ್ದಕ್ಕೆ ಗರಗಸದ ಗೆರೆ ಎಳೆದೆವು. ಬಿರುಕು ಬಹುಪಾಲು ಆ ಗೆರೆಯಲ್ಲೇ ಅಗಲವಾಯಿತು. ಆ ಬದಿಯನ್ನು ಗೋಡೆಯ ಕಡೆ ತಿರುಗಿಸಿ ನಿಲ್ಲಿಸಿದೆವು. ನೇರ ನಾರಿನ ಕೆಲವು ತುಂಡುಗಳು ಗುದ್ದಲಿ ಹಿಡಿಗೆ ಹೋದವು.

ಮೇಜು

14 ಶೇಕಡಾದ ಹಲಗೆಗಳನ್ನು ಕೆಲಸದ ಕೋಣೆಯೊಳಗೆ ತಂದು ಇನ್ನೊಂದು ತಿಂಗಳು ಪಟ್ಟಿ ಇಟ್ಟು ಹಾಗೇ ಬಿಟ್ಟೆ. ಸಾಮಾನು ಎಲ್ಲಿ ಇರುತ್ತದೋ ಆ ಹವೆಗೆ ಮರ ಹೊಂದಿಕೊಳ್ಳಬೇಕು. ತೂಕ 2.15ಕ್ಕೆ, ಅಂದರೆ 12 ಶೇಕಡಾಕ್ಕೆ ನಿಂತಿತು. ಹಸಿಯಲ್ಲಿ 150 ಮಿಲಿಮೀಟರ್ ಅಗಲ ಇದ್ದ ಹಲಗೆ 141 ಆಗಿತ್ತು. ಕವಣೆಕೋಲಿನ ಪರೀಕ್ಷೆ ಮತ್ತೆ ಮಾಡಿದೆ. ಈ ಸಲ ಎರಡೂ ಕಡ್ಡಿ ನೆಟ್ಟಗೆ ನಿಂತವು.

ಮೇಜಿನ ಮೇಲ್ಭಾಗ 70 ಸೆಂಟಿಮೀಟರ್ ಅಗಲ, ಐದು ಹಲಗೆಗಳ ಜೋಡಣೆ. ಕೀಸಿದ ಮೇಲೆ ಬಂದ ಕೆಂಪು ಬಣ್ಣ ನೋಡಿ ಬಡಗಿಯವರು ಇದು ನೀಲಗಿರಿನಾ ಅಂತ ಎರಡು ಸಲ ಕೇಳಿದರು. ಕಾಲಿಗೆ ಬಿಗಿಯುವ ಸ್ಕ್ರೂಗಳ ತೂತನ್ನು ಉದ್ದುದ್ದ ಮಾಡಿಸಿದೆ, ಅಗಲ ಹಿಗ್ಗಿ ಕುಗ್ಗಲು ಜಾಗ ಇರಲಿ ಅಂತ. ಮಳೆ ಮತ್ತು ಬಿಸಿಲಿನ ನಡುವೆ ಅದರ ಅಗಲ 5 ಮಿಲಿಮೀಟರಿನಷ್ಟು ಬದಲಾಗುತ್ತದೆ. ಒಂದು ವರ್ಷ ಆಯಿತು, ಜೋಡಣೆಯಲ್ಲಿ ಎಲ್ಲೂ ಬಾಯಿ ಬಿಟ್ಟಿಲ್ಲ.

ಮೂರನೇ ಮರದ ಬುಡದಿಂದ 65 ಮಿಲಿಮೀಟರ್ ದಪ್ಪದ ಒಂದು ಹಲಗೆಯನ್ನು ಬೇರೆಯಾಗಿ ಕೊಯ್ಸಿದ್ದೆ. ದಪ್ಪ ಎರಡರಷ್ಟಾದರೆ ಒಣಗುವ ಕಾಲ ಎರಡರಷ್ಟಾಗಲ್ಲ, ಮೂರು ನಾಲ್ಕರಷ್ಟಾಗುತ್ತದೆ. ಅದು ಇನ್ನೂ ಗೋದಾಮಿನಲ್ಲಿ ಗೋಣಿತಾಟಿನ ಒಳಗಿದೆ. ಅದಕ್ಕೂ ಒಂದು ಮಾದರಿ ತುಂಡು ಇದೆ, ತಿಂಗಳಿಗೊಮ್ಮೆ ತೂಗುತ್ತೇನೆ. ಕಳೆದ ಸಲ 28 ಶೇಕಡಾ. ತಾಟು ತೆಗೆಯುವ ಹೊತ್ತು ಬಂದಿದೆ.